ಹಿಂದೆ ಮುರಿದಿದ್ದ ಪೈಪು

ಅದನ್ನು ಕಾರು ಎಂದು ಕರೆಯುವುದಕ್ಕೇ ನನಗೆ ಅನುಮಾನವಿತ್ತು. ಕಬ್ಬಿಣದ ಪೈಪುಗಳ ಉದ್ದನೆಯ ಏಣಿಯನ್ನು ಮಲಗಿಸಿ, ಅದರ ಮೇಲೆ ಎರಡು ಇಂಜಿನ್‌ಗಳನ್ನು ಪಕ್ಕಪಕ್ಕ ಕೂರಿಸಿದ ಹಾಗಿತ್ತು. ಓಡಿಸುವವನ ಸೀಟು ಕೊಟ್ಟಕೊನೆಗೆ, ದೊಡ್ಡ ಚಕ್ರಗಳಿಗಿಂತಲೂ ಆಚೆ. ನೇರ ದಾರಿಯಲ್ಲಿ ಕಾಲು ಮೈಲಿಯಷ್ಟೇ ಓಡುವ ಡ್ರ್ಯಾಗ್ ರೇಸಿಗಾಗಿ, ನಾನು ಹುಟ್ಟುವ ಮೊದಲೇ ಯಾರೋ ಕೈಯಾರೆ ಕಟ್ಟಿದ್ದು. ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಬ್ಬಳ್ಳಿಯ ಗೆಳೆಯ ಅದನ್ನು ಕೊಂಡು, ಸಮಾಮಿಶ್‌ನ ತನ್ನ ಮನೆಯ ಗ್ಯಾರೇಜಿಗೆ ತಂದಿದ್ದ. ಅದನ್ನು ಕಟ್ಟಿದವರು ಯಾರು, ಅದು ಎಲ್ಲೆಲ್ಲಿ ಓಡಿತ್ತು ಎಂದು ಪತ್ತೆ ಮಾಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಆ ವರ್ಷಗಳಲ್ಲಿ ಅದು ನನ್ನ ಚಟ.

ಇಂಥ ಹುಡುಕಾಟದಲ್ಲಿ ಸಿಗುವುದು ಬಹುಮಟ್ಟಿಗೆ ಮುದುಕರ ನೆನಪು. ಅದರಲ್ಲಿ ಕೆಂಪು ಕಾರು ನೀಲಿಯಾಗುತ್ತದೆ, ಸೋತವರು ಗೆದ್ದಿರುತ್ತಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಕಲಿತ ಸಂಶಯವನ್ನೆಲ್ಲ ಅವರ ಮೇಲೆ ಧಾರಾಳವಾಗಿ ಬಳಸುತ್ತಿದ್ದೆ.

ಕೊನೆಗೆ ಕಡಲ ದಡದ ಮುಕಿಲ್ಟಿಯೊದಲ್ಲಿ, ಅದನ್ನು ಕಡೆಯ ಸಲ ಓಡಿಸಿದ ಮುದುಕನೇ ಸಿಕ್ಕ. ಫೆರಿ ಹಡಗಿಗೆ ಕಾಯುವ ಕಾರುಗಳ ಸಾಲಿನ ಪಕ್ಕ ಬೆಂಚಿನ ಮೇಲೆ ಕೂತು ಮಾತಾಡಿದೆವು. ಆ ಓಟದಲ್ಲಿ ಸೀಟಿನ ಬೆನ್ನಿಗಿರುವ ಪೈಪು ಸೀಳಿತೆಂದೂ, ಮಾರುವಾಗ ಬಿರುಕಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದೆನೆಂದೂ ಹೇಳಿದ. ಕಾರು ಮಗುಚಿದರೆ ತಲೆ ಕಾಯುವ ಕಮಾನಿಗೆ ಆಸರೆ ಆ ಪೈಪು. ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿದೆ.

"ಹಿಂದೆ ಪೈಪ್ ಮುರಿದಿತ್ತಂತೆ ಕಣ್ರೀ."

"ಹಿಂದ ಮುರದಿದ್ರ ಮುರದಿರ್ಲಿ ಬಿಡ್ರಿ," ಎಂದ. "ಈಗ ಗಟ್ಟಿ ಐತಲ್ಲ."

ನೋಡಿ ಸರಿಪಡಿಸಿಕೊಂಡಿದ್ದಾನೆ ಎಂದುಕೊಂಡು ಸುಮ್ಮನಾದೆ.

ಅವನು ಮೊದಲ ಬಾರಿ ಓಡಿಸುವ ದಿನ ನಾನೂ ಅವನ ಹೆಂಡತಿಯೂ ರೇಸ್ ಟ್ರ್ಯಾಕಿನ ಬೇಲಿಯ ಹತ್ತಿರ ನಿಂತಿದ್ದೆವು. ಆಕೆ ಮೈಸೂರಿನವರು. ಎರಡು ಇಂಜಿನ್‌ಗಳ ಸದ್ದು ಎದೆಗೂಡಿನೊಳಗೇ ಹೊಕ್ಕಂತಿತ್ತು. ಸಾಲಿನಲ್ಲಿ ಅವನ ಮುಂದೆ ಇನ್ನು ಕೆಲವೇ ಕಾರುಗಳಿದ್ದವು.

"ನಲವತ್ತಾದ ಮೇಲೆ ಗಂಡಸರು ಮ್ಯಾರಥಾನ್ ಓಡ್ತಾರೆ. ನಮ್ಮನೇವ್ರಿಗೆ ಇದು," ಎಂದರು. ಆಮೇಲೆ ಕೇಳಿದರು, "ಅಲ್ಲ, ಇದರ ಪೈಪ್ ಹಿಂದೆ ಮುರಿದಿತ್ತು ಅಂದ್ರಂತಲ್ಲ ನೀವು. ಹಿಂದೆ ಅಂದ್ರೆ ಎಷ್ಟು ವರ್ಷ ಆಯ್ತು?"

ಆಗ ನನಗೆ ಹೊಳೆಯಿತು. ನಾನು ಜಾಗ ಹೇಳಿದ್ದೆ. ಅವರಿಬ್ಬರೂ ಕಾಲ ಕೇಳಿಸಿಕೊಂಡಿದ್ದರು. ಹಿಂದೆ ಎಂಬ ನಮ್ಮ ಒಂದೇ ಮಾತು ಎರಡಕ್ಕೂ ಆಗುತ್ತದೆ. ಆ ಪುಟ್ಟಿ ಹಾಗೇ ಇತ್ತು, ಅವನ ಬೆನ್ನಿಗೆ.

ಓಡಬೇಕಿತ್ತು. ಆದರೆ ಮುದುಕ ನಿಜಕ್ಕೂ ಸೀಟಿನ ಬೆನ್ನಿಗೆ ಎಂದನೆ? ಇದೇ ಕಾರಿನ ಬಗ್ಗೆ ಎಂದನೆ? ಫೆರಿಯ ಹಾರ್ನ್, ಬೆಂಚಿನ ತೇವ ನೆನಪಿದ್ದವು. ಅವನ ಮಾತು ಮಾತ್ರ ನೆನೆದಷ್ಟೂ ಬದಲಾಗುತ್ತಿತ್ತು. ಫೋನ್ ಮಾಡಿದೆ. ಮುದುಕ ಎತ್ತಲಿಲ್ಲ. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು. ನಾನು ಬೇಲಿ ಹಾರಿ, ಎರಡೂ ಕೈ ಬೀಸುತ್ತ ಓಡಿದೆ.

ಸಾಲಿನಿಂದ ಒಂದೊಂದೇ ಕಾರನ್ನು ಓಟಕ್ಕೆ ಬಿಡುತ್ತಿದ್ದವನು ಅವನ ಕಾರನ್ನು ಪಕ್ಕಕ್ಕೆ ತಳ್ಳಿಸಿದ. ಗೆಳೆಯ ಹೆಲ್ಮೆಟ್ ಕಿತ್ತು, "ಏನ್ ತಲಿ ಕೆಟ್ಟೈತೇನ್ರಿ ನಿಮಗ?" ಎಂದ.

"ಹಿಂಭಾಗದಲ್ಲಿ, ನಿಮ್ಮ ಬೆನ್ನ ಹತ್ರ. ಎಡಗಡೆ ಪೈಪು."

ಅವನು ಇಳಿದು ಬೀಗದ ಕೈಯಿಂದ ಬಣ್ಣ ಕೆರೆದ. ಒಳಗೆ ಶುದ್ಧ ಉಕ್ಕು ಮಿಂಚಿತು. ಇನ್ನಷ್ಟು ಕೆರೆದ. ಏನೂ ಇರಲಿಲ್ಲ.

"ಇತಿಹಾಸ ಮುಗೀತೇನ್ರಿ, ಪ್ರೊಫೆಸರ್ ಸಾಹೇಬ್ರ?" ಎಂದು ನಕ್ಕು ಒಂದು ಕಾಲು ಒಳಗಿಟ್ಟ. ಸುಳ್ಳು ನೆನಪಿಗಾಗಿ ಅವನ ದಿನ ಕೆಡಿಸಿದೆನೆಂಬ ನಾಚಿಕೆ ಒಂದು ಕಡೆ. ಈಗ ಇವನನ್ನು ಹೋಗಬಿಟ್ಟರೆ ಎಂಬ ಭಯ ಇನ್ನೊಂದು ಕಡೆ.

"ರೀ, ಆ ಕಡೆನೂ ಒಂದ್ಸಲ ಕೆರೀರಿ," ಎಂದರು ಹಿಂದೆಯೇ ಬಂದಿದ್ದ ಅವನ ಹೆಂಡತಿ. "ಬಣ್ಣ ನಾನು ಹಚ್ಚಿಸಿಕೊಡ್ತೀನಿ."

ಬಲಗಡೆ ಎರಡು ಸಲ ಕೆರೆಯುವಷ್ಟರಲ್ಲಿ ಪುಟ್ಟಿಯ ಹೆಂಟೆಯೊಂದು ಕಳಚಿ ನೆಲಕ್ಕೆ ಬಿತ್ತು. ಅದರಡಿಯ ಬಿರುಕಿನೊಳಗೆ ಬೀಗದ ಕೈಯ ತುದಿ ಸಲೀಸಾಗಿ ಇಳಿಯಿತು. ಗೆಳೆಯ ಅದನ್ನು ಈಚೆಗೆ ತೆಗೆಯಲಿಲ್ಲ. ಅಲ್ಲೇ ಬಿಟ್ಟು, ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತ.

ಕಾರನ್ನು ಟ್ರೈಲರಿಗೆ ಏರಿಸಿ ಸಮಾಮಿಶ್‌ಗೆ ಹೊರಟೆವು.

"ಎಡಗಡೆ ಅಂತ ಅವಾ ಹೇಳಿದ್ದೇನ್ರಿ?" ಎಂದು ಗೆಳೆಯ ಮೆಲ್ಲಗೆ ಕೇಳಿದ.

ಗೊತ್ತಿಲ್ಲ ಎಂದೆ. ಆ ಮುದುಕ ಯಾವ ಕಡೆ ಎಂದೇನಾದರೂ ಹೇಳಿದ್ದನೇ ಎಂಬುದೂ ನನಗೆ ಗೊತ್ತಿರಲಿಲ್ಲ. ಗೆಳೆಯನ ಹೆಂಡತಿ ಹಿಂದಿನ ಸೀಟಿನಿಂದ ಕೈ ಚಾಚಿ ಅವನ ಕತ್ತಿನ ಮೇಲಿಟ್ಟವರು, ಮನೆ ಬರುವವರೆಗೂ ತೆಗೆಯಲಿಲ್ಲ.