ಒಂದು ಗೇಣು ಮೇಲೆ

ರಾಮನಗರದಾಚೆ ಬಂಡೆಗಳ ಬುಡದಲ್ಲಿ ನಮ್ಮ ರೈಫಲ್ ಕ್ಲಬ್ಬು. ಮಾಗಡಿಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ನಾನು ಭಾನುವಾರ ತಪ್ಪದೆ ಹೋಗುತ್ತಿದ್ದೆ. ಅಭ್ಯಾಸವೆಲ್ಲ ನೂರು ಮೀಟರಿಗೆ. ಪಕ್ಕದ ಹೊಲದಲ್ಲಿ ರಾಗಿ ಕೊಯ್ಲಾಗಿ ಜಾಗ ಖಾಲಿಯಾದ ಮೇಲೆ, ವರ್ಷಕ್ಕೊಮ್ಮೆ ಮಾತ್ರ ಆರುನೂರು ಮೀಟರು. ತಂಡದ ಆಯ್ಕೆ ಅವತ್ತೇ.

ಗುಂಡು ಅಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆಂದು ಹೇಳುವ ಆ್ಯಪ್ ಒಂದು ನಮ್ಮ ಕಾರ್ಯದರ್ಶಿಯ ಫೋನಿನಲ್ಲಿತ್ತು. ಹಾರೋಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಆಸಾಮಿ, ದೇವರನ್ನು ನಂಬದಿದ್ದರೂ ಅದನ್ನು ನಂಬುತ್ತಿದ್ದ. ಎಲ್ಲರ ರೈಫಲ್ ಮೇಲಿನ ದುರ್ಬೀನನ್ನೂ, ಅಂದರೆ ಸ್ಕೋಪನ್ನೂ, ಗುಂಡು ಇಳಿಯುವಷ್ಟೇ ಮೇಲಕ್ಕೆ ಹೊಡೆಯುವಂತೆ ಆ ಲೆಕ್ಕಕ್ಕೆ ತಾನೇ ತಿರುಗಿಸಿಡುತ್ತಿದ್ದ. ಹತ್ತು ಗುಂಡು ಮುಗಿಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಪರೀಕ್ಷೆ ಕೈಗೆ, ಲೆಕ್ಕಕ್ಕಲ್ಲ ಎನ್ನುವುದು ಅವನ ಕಾನೂನು.

ಆ್ಯಪ್ ಬಂದ ಮೊದಲ ವರ್ಷ ನನ್ನ ಹತ್ತೂ ಗುಂಡು ಕಪ್ಪು ವೃತ್ತ ಬಿಟ್ಟು ಒಂದು ಗೇಣು ಮೇಲೆ ಬಿದ್ದವು. ಉಳಿದವರವು ಎಲ್ಲೆಲ್ಲೋ ಚೆದುರಿದ್ದವು; ಆಯ್ಕೆ ಮಾಡುವ ಅವನು ತಾನು ಹೊಡೆಯುತ್ತಿರಲಿಲ್ಲ. ನನ್ನ ಗುರಿಹಾಳೆಯನ್ನು ಎಲ್ಲರೆದುರು ಎತ್ತಿ ಹಿಡಿದ.

"ಲೆಕ್ಕ ಸರಿಯಾಗೈತೆ ಮೇಡಂ, ನಿಮ್ ಕೈಯೇ ನಡುಗ್ತದೆ. ಮನೇಲಿ ಮುದ್ದೆ ತಿರುವ್ಕೊಂಡಿರಿ" ಅಂದ.

ನಕ್ಕವರ ಮುಖಗಳು ಇವತ್ತಿಗೂ ಒಂದೊಂದಾಗಿ ನೆನಪಿವೆ. ನನ್ನ ಜಾಗ ಅವನ ಬಾಮೈದನಿಗೆ ಹೋಯಿತು. ಆ ಪುಣ್ಯಾತ್ಮ ಬಂದೂಕಿನ ಕುದುರೆ ಎಳೆಯುವಾಗ ನಳಿಗೆಯನ್ನೂ ಕೆಳಕ್ಕೆ ಜಗ್ಗುತ್ತಿದ್ದ. ಅದಕ್ಕೇ ಅವನ ಗುಂಡು ಕಪ್ಪಿಗೆ ಬಿದ್ದದ್ದೆಂದು ಆಗ ನನಗೂ ಹೊಳೆಯಲಿಲ್ಲ.

ಹಾಳೆಯನ್ನು ಮನೆಗೆ ತಂದು ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಸೀರೆ ತೆಗೆಯುವಾಗೆಲ್ಲ ಕಂಡು ಹೊಟ್ಟೆ ಉರಿಯಲಿ ಅಂತ. ಹಾಗೆ ನೋಡುತ್ತಾ ಒಂದು ಬೆಳಗ್ಗೆ ಗೊತ್ತಾಯಿತು: ಹತ್ತೂ ತೂತು ಒಂದು ಸಾಸರಿನಲ್ಲಿ ಮುಚ್ಚಿಹೋಗುವಷ್ಟು ಒತ್ತಾಗಿದ್ದವು. ಕೈ ನಡುಗಿದ್ದರೆ ಚೆಲ್ಲಾಪಿಲ್ಲಿಯಾಗಬೇಕಿತ್ತು. ಅದೇ ಆ್ಯಪ್ ಹಾಕಿಕೊಂಡು ಕೂತೆ. ಅವನು ಗಾಳಿಯ ಒತ್ತಡವನ್ನು ಹವಾಮಾನ ವರದಿಯಿಂದ ತುಂಬುತ್ತಿದ್ದ. ವರದಿಯವರು ಅದನ್ನು ಸಮುದ್ರ ಮಟ್ಟಕ್ಕೆ ಹೊಂದಿಸಿ ಕೊಡುತ್ತಾರೆ. ನಮ್ಮದು ಎತ್ತರದ ಸೀಮೆ, ಗಾಳಿ ತೆಳು, ತಡೆ ಕಡಿಮೆ, ಗುಂಡು ಅಷ್ಟು ಇಳಿಯುವುದಿಲ್ಲ. ಇಲ್ಲಿನ ನಿಜವಾದ ಒತ್ತಡ ಹಾಕಿದೆ. ಅವನ ಲೆಕ್ಕಕ್ಕೂ ಇದಕ್ಕೂ ಸರಿಯಾಗಿ ಒಂದು ಗೇಣು ಅಂತರ, ಬಂದು ಹಾಳೆಯ ತೂತಿಗೇ ಕೂತಿತು.

ಅವತ್ತೇ ಫೋನ್ ಮಾಡಿ ಹೇಳಬಹುದಿತ್ತು. ಬಾಯಿಗೆ ಬೀಗ ಹಾಕಿಕೊಂಡು ಮುಂದಿನ ರಾಗಿ ಕೊಯ್ಲಿಗೆ ಕಾದೆ.

ಆಯ್ಕೆಯ ದಿನ ನಾನೇ ಅವನ ಹತ್ತಿರ ಹೋಗಿ, ಈ ಸಲ ನೀವು ಮೊದಲು ಹೊಡೆದು ತೋರಿಸಿ ಅಣ್ಣ, ನೋಡಿ ಕಲಿಯುತ್ತೇವೆ ಅಂದೆ. ಉಬ್ಬಿಹೋಗಿ ರೈಫಲ್ ಹಿಡಿದು ಬೋರಲು ಮಲಗಿದ. ಕೈ ಒಳ್ಳೆಯದೇ, ಇಲ್ಲವೆನ್ನಲಾರೆ. ಹತ್ತೂ ಒಂದು ಗೇಣು ಮೇಲೆ. ಇನ್ನೂ ಹತ್ತು ಹೊಡೆದ, ಅಲ್ಲಿಗೇ. ಆಮೇಲೆ ನನ್ನ ಸ್ಕೋಪನ್ನು ಅವನೇ ಅದೇ ಲೆಕ್ಕಕ್ಕೆ ತಿರುಗಿಸಿಟ್ಟ. ನಾನು ಮುಟ್ಟಲಿಲ್ಲ. ಸುಮ್ಮನೆ ಒಂದು ಗೇಣು ಕೆಳಗೆ ಗುರಿ ಹಿಡಿದೆ. ಹತ್ತೂ ಕಪ್ಪಿಗೆ ಬಿದ್ದವು. ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಎರಡು ತಿಂಗಳ ಮೇಲೆ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ಸಿಕ್ಕಿದರು. ಬೆಂಗಳೂರಿಗೆ ಹೋಗಿ ಕಣ್ಣು ತೋರಿಸಿದ್ದಾಯಿತಂತೆ, ನರದ ಡಾಕ್ಟರೂ ಆಯಿತಂತೆ. ರೈಫಲ್ ಮುಟ್ಟುವುದೇ ಇಲ್ಲವಂತೆ. ನಾಲ್ಕು ಜನರೆದುರು ಕಾಫಿ ಲೋಟ ಹಿಡಿಯಲೂ ಹೆದರುತ್ತಾನಂತೆ.

"ಡಾಕ್ಟ್ರು ಏನೂ ಇಲ್ಲ ಅಂತವ್ರೆ, ಇವ್ರು ನಂಬ್ತಿಲ್ಲ. ನೀವು ಓದ್ದೋರು ಮೇಡಂ, ಏನಾಗಿರ್ಬೋದು ಒಸಿ ಹೇಳಿ" ಅಂದರು.

ಅಯ್ಯೋ ಅನಿಸಬೇಕಿತ್ತು. ಸುಳ್ಳೇಕೆ, ಹೊಟ್ಟೆ ತಣ್ಣಗಾಯಿತು. ವಯಸ್ಸಾಯಿತಲ್ಲ ಅಕ್ಕ ಅಂದು ಮಾಗಡಿ ಬಸ್ಸು ಹತ್ತಿದೆ.