ಬಗ್ಗದ ಒಡೆಯನ ಗೋರಿ

ನನ್ನ ಗಂಡ ಪೆರಿನ್ ಕಲ್ಲುಕುಟಿಗ. ನಲವತ್ತು ವರ್ಷ ಕಲ್ಲುಗಳಿಗೆಲ್ಲ ಬಾಯಿ ಕೆತ್ತಿದ, ತನಗೊಂದು ಬಾಯಿ ಉಂಟೆಂಬುದನ್ನೇ ಮರೆತ. ಬೈದರೂ ಹೂಂ, ಹೊಗಳಿದರೂ ಹೂಂ. ಇಂಥವನ ಜೊತೆ ಸಂಸಾರ ಮಾಡಿ ನೋಡಿ, ನನಗೇಕೆ ಇಷ್ಟು ಸಿಟ್ಟು ಅಂತ ಆಮೇಲೆ ಕೇಳಿ.

ನಮ್ಮೂರಿನ ಒಡೆಯ ರೆನೋ, ಅರಸನ ಖಜಾನೆಯ ಅಧಿಕಾರಿ. ಚಿತ್ರ ಬರೆಯುವವರು, ಹಾಡುವವರು ಎಲ್ಲ ಅವನ ಮನೆಯ ರೊಟ್ಟಿ ತಿಂದೇ ಬೆಳೆದವರು. ಮಹಾ ಕಲಾಪೋಷಕ ಅಂತ ಪಾದ್ರಿ ಹೊಗಳಿದ್ದೇ ಹೊಗಳಿದ್ದು. ಈ ಪೋಷಕ ಬದುಕಿರುವಾಗಲೇ ತನ್ನ ಗೋರಿ ಕಟ್ಟಿಸಲು ಹೊರಟ. ಇಗರ್ಜಿಯ ಉತ್ತರದ ಗೋಡೆ ಒಡೆಸಿ, ಹೊರಗಿದ್ದ ಸಮಾಧಿಗಳ ಮೇಲೆ ಹೊಸ ಕೋಣೆ ಎಬ್ಬಿಸಿದ. ಆ ಸಮಾಧಿಗಳಲ್ಲೊಂದರಲ್ಲಿ ನಮ್ಮ ಮಗಳು ಔದೆಟ್ ಮಲಗಿದ್ದಳು. ಜ್ವರಕ್ಕೆ ಹೋದಾಗ ಏಳು ವರ್ಷ. ಅಗೆದು ತೆಗೆದ ಎಲುಬುಗಳನ್ನೆಲ್ಲ ಒಂದೇ ಗುಂಡಿಗೆ ಸುರಿದರು. ಅವನ ವಂಶ ಹಾಳಾಗ!

ಗೋರಿಯ ಸುತ್ತ ನಿಂತು ಅಳುವ ಹನ್ನೆರಡು ಬೊಂಬೆಗಳನ್ನು ಕೆತ್ತುವ ಕೆಲಸ ಪೆರಿನ್‌ಗೇ ಬಂತು. ಈ ಪುಣ್ಯಾತ್ಮ ಒಪ್ಪಿಕೊಂಡೂ ಬಂದ!

"ಮಗಳನ್ನ ಅಗೆದು ಎಸೆದೋನಿಗೆ ಅಳೋ ಬೊಂಬೆ ಮಾಡ್ತೀಯಾ? ಮಾನ ಮರ್ಯಾದೆ ಇದೆಯೇನಯ್ಯಾ ನಿಂಗೆ?"

"ಹೂಂ."

"ಏನು ಹೂಂ? ಮಣ್ಣು!"

ಎರಡು ವರ್ಷ ಬೈದುಕೊಂಡೇ ಅವನ ಮುಂದೆ ಗಂಜಿ ಬಟ್ಟಲು ಕುಕ್ಕಿದೆ.

ಒಡೆಯ ನೋಡಲು ಬಂದ ದಿನ ನಾನೂ ಹಿಂದೆ ನಿಂತಿದ್ದೆ. ಮೊಣಕಾಲೆತ್ತರದ ಹನ್ನೆರಡು ಬೊಂಬೆಗಳು. ಎಲ್ಲಕ್ಕೂ ಗಲ್ಲದವರೆಗೆ ಇಳಿದ ಮುಸುಕು.

"ಮುಖ ಎಲ್ಲೋ? ಅಳೋದು ಕಾಣ್ಬೇಕು ಅಂದಿದ್ನಲ್ಲ?"

"ಒಳಗಿದೆ ಒಡೆಯಾ. ನೆಲಕ್ಕೆ ಬಗ್ಗಿ ನೋಡಿದ್ರೆ ಕಾಣ್ತದೆ," ಎಂದ ಪೆರಿನ್.

"ಅರಸನಿಗೆ ಬಿಟ್ರೆ ನಾನು ಯಾರಿಗೂ ಬಗ್ಗೋನಲ್ಲ."

ಪಾದ್ರಿ ತಕ್ಷಣ ಬೆಣ್ಣೆ ಹಚ್ಚಿದ: "ನಿಮ್ಮ ಸಾವಿನ ದುಃಖ ತಡೀಲಾರ್ದೆ ಮುಖ ಮುಚ್ಕೊಂಡಿದ್ದಾರೆ ಪ್ರಭು!"

ಒಡೆಯ ಉಬ್ಬಿಹೋದ. ತಲೆದೂಗುತ್ತ ಹೊರಟ.

ಅವನು ಬಾಗಿಲು ದಾಟಿದ್ದೇ ತಡ, ಆ ಗೋರಿಗೆ ಉಗಿಯಲು ನುಗ್ಗಿದೆ. ಪೆರಿನ್ ಕೈ ಹಿಡಿದ.

"ಉಗಿಯೋಕೆ ಮುಂಚೆ ಒಂದ್ಸಲ ಮಲಗಿ ನೋಡೇ."

ಗೊಣಗುತ್ತಲೇ ಕಲ್ಲುಹಾಸಿನ ಮೇಲೆ ಬೋರಲು ಬಿದ್ದು, ಒಂದು ಮುಸುಕಿನೊಳಗೆ ಇಣುಕಿದೆ. ಅಯ್ಯೋ ದೇವರೇ, ಔದೆಟ್! ಮುಂದಿನ ಹಲ್ಲು ಬಿದ್ದ ಅದೇ ಬಾಯಿ. ಆ ಸಂದಿಯಿಂದ ನಾಲಿಗೆ ಚಾಚಿ ಅಣಕಿಸುತ್ತಿದ್ದಾಳೆ. ತೆವಳಿ ಪಕ್ಕದ್ದನ್ನು ನೋಡಿದೆ, ಅದೂ ಅವಳೇ. ಹನ್ನೆರಡೂ ಅವಳೇ. ಅಲ್ಲೇ ಬಿದ್ದುಕೊಂಡು ಗೋಳೋ ಅಂತ ಅತ್ತೆ.

"ಪಾಪಿ, ಎರಡು ವರ್ಷ ಯಾಕೆ ಹೇಳ್ಲಿಲ್ಲ?"

"ನಿನ್ನ ಕಿವಿಗೆ ಬಿದ್ರೆ ಬೀದಿಗೆಲ್ಲ ಗೊತ್ತಾಗ್ತಿತ್ತು."

ಅದೂ ನಿಜವೇ.

ಕೆಲವು ವರ್ಷಕ್ಕೆ ಪೆರಿನ್ ತೀರಿಹೋದ. ಅವನ ಹಿಂದೆಯೇ ಒಡೆಯನೂ ಸತ್ತು ಆ ಗೋರಿ ಸೇರಿದ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಪ್ರತಿ ಭಾನುವಾರ ಹೋಗಿ ಅದರ ಮುಂದೆ ಉದ್ದಕ್ಕೆ ಬೀಳುತ್ತೇನೆ. ಪಾದ್ರಿ ಜನಕ್ಕೆ ನನ್ನನ್ನು ತೋರಿಸುತ್ತಾನೆ: "ನೋಡಿ, ಒಡೆಯರ ಮೇಲೆ ಈ ಮುದುಕಿಗೆ ಎಂಥಾ ಭಕ್ತಿ!"

ನಾನು ನೆಲದ ಮೇಲೆ ಮಲಗಿ, ಮಗಳ ಜೊತೆ ನಾಲಿಗೆ ಚಾಚುತ್ತೇನೆ.