ಗುಡ್ಡದ ದ್ರಾಕ್ಷಿ, ಮಡಿಲಿನ ಫ್ಯೂಸು

ದೊಡ್ಡಪ್ಪನ ಮೀಸೆ ದ್ರಾಕ್ಷಿ ರಸಕ್ಕೆ ಸದಾ ಅಂಟಂಟು. ಬಂದವರ ಎದುರೇ ಗೊಂಚಲು ಹಿಡಿದು ತಿನ್ನುವರು, ಸಿಪ್ಪೆಯನ್ನು ಅವರ ಚಪ್ಪಲಿ ಪಕ್ಕಕ್ಕೇ ಉಗಿಯುವರು. ಒಂದು ಹಣ್ಣು ತಗೋ ಎಂದವರಲ್ಲ. ಮಳವಳ್ಳಿ ಕಡೆಯ ನಮ್ಮ ಕಲ್ಲುಗುಡ್ಡದಲ್ಲಿ ಮೊದಲು ದ್ರಾಕ್ಷಿ ತೋಟ ಎಬ್ಬಿಸಿದವರು ಎಂಬ ಹೆಸರು ಅವರಿಗಿತ್ತು. ಆ ಹೆಸರು ಕೊಟ್ಟುಕೊಂಡವರೂ ಅವರೇ.

ಮದ್ದೂರಿನ ಬಸ್ಸು ಹತ್ತಿದರೆ ಸಾಕು, ಪಕ್ಕದ ಸೀಟಿನವನಿಗೆ ತೋಟದ ಚರಿತ್ರೆ ಶುರು. "ಬರೀ ಬಂಡೆ ಕಣ್ಲಾ. ಗುಂಡಿ ತಗ್ದೋನೂ ನಾನೇ, ಗೊಬ್ಬರ ಒತ್ತೋನೂ ನಾನೇ!" ಗೊಬ್ಬರದ ಮಂಕರಿ ಹೊತ್ತು ಗುಡ್ಡ ಹತ್ತಿದ್ದು ದೊಡ್ಡಮ್ಮ. ಇವರು ಹಿಡಿದದ್ದು ಕೊಡೆ.

ಸಸಿ ಕೊಟ್ಟವನು ಇಬ್ಬರನ್ನೂ ಕೂರಿಸಿ ಹೇಳಿದ್ದ: ಬಳ್ಳಿಯ ರೆಂಬೆ ಸವರುವ ಮೊದಲು ನೀರು ನಿಲ್ಲಿಸಿ, ಬಳ್ಳಿ ಬಾಯಾರಬೇಕು, ಆಗಲೇ ಕಾಯಿ ಕಚ್ಚುವುದು. ದೊಡ್ಡಮ್ಮ ಕೇಳಿಸಿಕೊಂಡರು. ದೊಡ್ಡಪ್ಪ ನಾಲೆ ಬಯಲಲ್ಲಿ ಕಬ್ಬು ಬೆಳೆದವರು. ಒಣಮಣ್ಣು ಕಂಡರೆ ಅವರಿಗೆ ಅವಮಾನ. "ನೀರ್ ಕಟ್ದೆ ಬೆಳೆ ಬೆಳೆಯೋನು ಗಂಡ್ಸೇನ್ಲಾ?" ಎಂದು ಪಂಪಿನ ಸ್ವಿಚ್ಚು ಹಾಕಿದರು. ಚಪ್ಪರದ ತುಂಬ ಎಲೆ, ಹಸುರೋ ಹಸುರು. ಕಾಯಿ ಒಂದೂ ಇಲ್ಲ. ಅದೇ ನೆರಳಲ್ಲಿ ಚಾಪೆ ಹಾಸಿ ಮಲಗಿ ಸಸಿಯವನನ್ನು ಬೈದರು. ಮುಂದಿನ ಸಲವೂ ಹೀಗಾದರೆ ಬಳ್ಳಿ ಕಿತ್ತು ಹುರುಳಿ ಚೆಲ್ಲುತ್ತೇನೆ ಎಂದರು.

ಸವರುವ ಕಾಲ ಮತ್ತೆ ಬಂದಾಗ ದೊಡ್ಡಮ್ಮ ಪಂಪಿನ ಡಬ್ಬಿಯಿಂದ ಫ್ಯೂಸು ಕಿತ್ತು ಮಡಿಲಿಗೆ ಕಟ್ಟಿಕೊಂಡರು. ದೊಡ್ಡಪ್ಪ ಸ್ವಿಚ್ಚು ಹಾಕುವರೇ ಹೊರತು ಡಬ್ಬಿ ತೆರೆದು ನೋಡುವ ಪೈಕಿ ಅಲ್ಲ. "ಕರೆಂಟ್ನೋರು ನನ್ ತ್ವಾಟ ಕಂಡು ಒಟ್ಟೆ ಉರ್ಕೊಂಡವ್ರೆ!" ಎಂದು ಊರೆಲ್ಲ ಕೂಗಾಡಿದರು.

"ಊಂ, ಅವರ್ ಬುದ್ದಿನೇ ಅಂಗೆ ಬುಡಿ," ಅಂದರು ದೊಡ್ಡಮ್ಮ.

ಬಳ್ಳಿ ಬಾಯಾರಿತು, ದೊಡ್ಡಮ್ಮ ಸವರಿದರು, ಫ್ಯೂಸು ಮರಳಿ ಹಾಕಿದರು. ಆ ಸಲ ಕರಿ ಗೊಂಚಲುಗಳ ಭಾರಕ್ಕೆ ಚಪ್ಪರವೇ ಜಗ್ಗಿತು. "ನನ್ ಕೈಗುಣ ಕಣ್ಲಾ," ಎಂದು ದೊಡ್ಡಪ್ಪ ಮೀಸೆ ಒರೆಸಿಕೊಂಡರು. ಅಲ್ಲಿಂದ ಮುಂದೆ ವರ್ಷ ವರ್ಷವೂ ಫ್ಯೂಸು ಮಡಿಲಿಗೆ ಹೋಗಿ ಬಂತು. ವರ್ಷ ವರ್ಷವೂ ಕರೆಂಟಿನವರು ಬೈಸಿಕೊಂಡರು. ದೊಡ್ಡಪ್ಪನಿಗೆ ನಿಜ ಹೇಳಿಬಿಡಿ ಎಂದು ನಾನು ದೊಡ್ಡಮ್ಮನಿಗೆ ಅಂದೆ.

"ಯೋಳುದ್ರೆ ತ್ವಾಟ ಉಳಿತದೇನಪ್ಪಾ?" ಅಂದರು ದೊಡ್ಡಮ್ಮ.

ಹೋದ ಬೇಸಿಗೆಯಲ್ಲಿ ದೊಡ್ಡಪ್ಪ ತೀರಿಕೊಂಡರು. ತಿಥಿಯ ಊಟಕ್ಕೆ ಕೂತ ನೆಂಟರು, ತೋಟವೆಲ್ಲ ಆ ಪುಣ್ಯಾತ್ಮನ ಬೆವರು ಎಂದು ಹೊಗಳಿದರು. ನಾನು ಎಲೆ ಬಿಟ್ಟು ಎದ್ದೆ. ದೊಡ್ಡಪ್ಪನಿಂದ ನನಗಾದ ಉಪಕಾರ ಒಂದೇ: 'ನಾನು ಮಾಡಿದೆ' ಅನ್ನಲು ಬಾಯಿ ತೆರೆದಾಗಲೆಲ್ಲ ಆ ಮೀಸೆ ನೆನಪಾಗಿ ಬಾಯಿ ಮುಚ್ಚುತ್ತೇನೆ.

ಈ ಸಲ ಸವರುವ ಕಾಲಕ್ಕೆ ದೊಡ್ಡಮ್ಮನ ಜೊತೆ ಗುಡ್ಡಕ್ಕೆ ಹೋದೆ. ಅಭ್ಯಾಸದಂತೆ ಅವರು ಮೊದಲು ಪಂಪಿನ ಡಬ್ಬಿ ತೆರೆದರು. ಫ್ಯೂಸಿಗೆ ಕೈ ಹಾಕಿದವರು ಅದನ್ನು ಕೀಳದೆ ಅಲ್ಲೇ ಬಿಟ್ಟು ಮುಚ್ಚಿದರು.

"ಇರ್ಲಿ ಬುಡು. ಇನ್ ಯಾರ್ ಬಂದು ಸ್ವಿಚ್ ಆಕ್ತಾರೆ?"